ಕರಿಬಾರೆಯ ಮಣ್ಣು ನೋಡಿದವರು

ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಹದಿನೈದು ದಿನ ಕಳೆದ ಮೇಲೆ, ಅದೂ ಚನ್ನಪಟ್ಟಣದ ಸಂತೆಯಲ್ಲಿ, ನಾನು ಬದನೆಕಾಯಿ ಆರಿಸುತ್ತಿದ್ದಾಗ. ಹೊಂಗನೂರಿನಿಂದ ಬಂದಿದ್ದ ಅವರ ತಮ್ಮನ ಮಗ ನನ್ನ ಗುರುತು ಹಿಡಿದು ಹತ್ತಿರ ಬಂದು, "ನಮ್ ದೊಡ್ಡಪ್ಪ ಓಗ್ಬುಟ್ರು ಸಾಮಿ, ನಿಮಗೆ ಗೊತ್ತಾಗ್ಲಿಲ್ವಾ?" ಎಂದ. ಗೊತ್ತಾಗಿರಲಿಲ್ಲ. ಯಾರು ಹೇಳಬೇಕು? ಅವರಿಗೂ ನನಗೂ ಸಂಬಂಧ ಇತ್ತೆಂದು ತಿಳಿದವರೇ ಈಗ ಇಬ್ಬರೋ ಮೂವರೋ ಇದ್ದಾರು. ಕಾರ್ಯಕ್ಕೆ ಎಷ್ಟು ಜನ ಬಂದಿದ್ದರು ಎಂದು ಕೇಳಿದೆ. ಹೆಣ ಹೊರುವಷ್ಟು ಜನ ಇದ್ದರು ಎಂದ ಹುಡುಗ. ಆರಿಸಿಟ್ಟಿದ್ದ ಬದನೆಕಾಯಿಯನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ.

ಅವರ ಹೆಸರು ಬರೆಯುವುದಿಲ್ಲ. ಸರ್ವೆ ಕಚೇರಿಯಲ್ಲಿ ನಾವು ಅವರನ್ನು ಕ್ಲಾಸರ್ ಎನ್ನುತ್ತಿದ್ದೆವು, ಹಳ್ಳಿಯವರು ಮಣ್ಣು ನೋಡೋ ಸಾಮಿ ಎನ್ನುತ್ತಿದ್ದರು. ಮಹಾರಾಜರ ಕಾಲದಲ್ಲಿ ಒಂದು ಹೊಲಕ್ಕೆ ಕಂದಾಯ ಗೊತ್ತುಮಾಡುವ ಮೊದಲು ಅದರ ಮಣ್ಣಿಗೆ ದರ್ಜೆ ಕೊಡಬೇಕಾಗಿತ್ತು. ಗುಂಡಿ ತೋಡಿಸಿ, ಮಣ್ಣು ಎಷ್ಟು ಆಳ ಇದೆ, ಬಣ್ಣ ಏನು, ಕಲ್ಲು ಎಷ್ಟು, ಇಳಿಜಾರು ಎಷ್ಟು ಎಂದು ನೋಡಿ, ಹದಿನಾರಾಣೆಗೆ ಇದು ಇಷ್ಟಾಣೆಯ ಮಣ್ಣು ಎಂದು ಪುಸ್ತಕದಲ್ಲಿ ಬರೆಯುವುದು. ಬರೆದದ್ದು ಮೂವತ್ತು ವರ್ಷ ನಿಲ್ಲುತ್ತಿತ್ತು. ನಾನು ಅವರ ಕೈಕೆಳಗೆ ಅಳತೆಯ ಗುಮಾಸ್ತ. ವಯಸ್ಸು ಮೂವತ್ತರ ಹತ್ತಿರ, ಮದುವೆಯಾಗಿ ಎರಡು ವರ್ಷ, ಕಚೇರಿಯ ಕೆಲಸ ಎಂದರೆ ಸಂಜೆ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎನ್ನುವುದಷ್ಟೇ ನನಗೆ ಮುಖ್ಯ. ಅವರು ನನಗಿಂತ ಹದಿನೈದು ವರ್ಷ ದೊಡ್ಡವರು.

ಎತ್ತರದ ಆಳು, ಸ್ವಲ್ಪ ಬಾಗಿದ ಬೆನ್ನು. ಬೆನ್ನು ಬಾಗಿದ್ದು ವಯಸ್ಸಿಗಲ್ಲ, ದಿನವಿಡೀ ನೆಲ ನೋಡಿಕೊಂಡು ನಡೆದು. ಮುಚ್ಚುಗೊರಳಿನ ಕೋಟು, ತಲೆಗೆ ರುಮಾಲು. ಕೋಟಿನ ಜೇಬುಗಳಲ್ಲಿ ಸದಾ ನಾಲ್ಕೈದು ಬಟ್ಟೆಯ ಗಂಟುಗಳು, ಒಂದೊಂದರಲ್ಲಿ ಒಂದೊಂದು ಊರಿನ ಮಣ್ಣು. ಗಂಟು ಬಿಚ್ಚಿಕೊಂಡು ಜೇಬು ತುಂಬ ಮಣ್ಣಾಗುತ್ತಿತ್ತು. ಅವರ ಕೋಟು ಒಗೆಯಲು ಅಗಸ ಒಪ್ಪುತ್ತಿರಲಿಲ್ಲ. ಮಣ್ಣನ್ನು ಅವರು ಮೊದಲು ಮುಷ್ಟಿಯಲ್ಲಿ ಹಿಚುಕುತ್ತಿದ್ದರು, ಆಮೇಲೆ ಮೂಸುತ್ತಿದ್ದರು, ಅನುಮಾನ ಬಂದರೆ ನಾಲಗೆಗೆ ಒಂದು ಚಿಟಿಕೆ ಇಟ್ಟುಕೊಂಡು ಉಗಿದು ಬಾಯಿ ಮುಕ್ಕಳಿಸುತ್ತಿದ್ದರು. ಗುಂಡಿ ಎಷ್ಟೇ ಕೊಳಕಾಗಿರಲಿ, ಮಂಡಿಯೂರಿ ಭುಜದವರೆಗೂ ಕೈ ಇಳಿಸಿ ತಳ ಮುಟ್ಟಿ ನೋಡುವರು. ಆಮೇಲೇ ಪುಸ್ತಕಕ್ಕೆ ಪೆನ್ಸಿಲು. "ಕೈ ಆಕ್ದೆ ಬರೀಬಾರ್ದು ಕಣಯ್ಯ" ಎನ್ನುವುದು ಅವರ ಬಾಯಲ್ಲಿ ದಿನಕ್ಕೆ ಎರಡು ಸಲವಾದರೂ ಬರುತ್ತಿದ್ದ ಮಾತು. ಕೇಳಿ ಕೇಳಿ ನನಗೆ ಬೇಸರ ಬಂದಿತ್ತು.

ಒಮ್ಮೆ ಅಕ್ಕನ ಮಗನಿಗೆ ಹೆಣ್ಣು ನೋಡಲು ಮಾಗಡಿ ಕಡೆಯ ಹಳ್ಳಿಗೆ ಹೋಗಿಬಂದರು. ಮನೆಯ ಹೆಂಗಸರು ಬಾಗಿಲಲ್ಲೇ ಅಡ್ಡಗಟ್ಟಿ ಹುಡುಗಿ ಹೇಗಿದ್ದಾಳೆ ಎಂದು ಕೇಳಿದರಂತೆ. ಹಿತ್ತಲು ಹನ್ನೆರಡಾಣೆ, ಮುಂದಿನ ಹೊಲ ಏಳಾಣೆಯೂ ಬಾಳುವುದಿಲ್ಲ ಎಂದರಂತೆ. ಹುಡುಗಿ ತಂದ ತಟ್ಟೆಯಲ್ಲಿ ಏನಿತ್ತು ಎಂದರೆ ಅದೂ ನೆನಪಿಲ್ಲ. ಈ ಕಥೆಯನ್ನು ಕಚೇರಿಯಲ್ಲಿ ನಾನೇ ಎಲ್ಲರಿಗೂ ಹೇಳಿ ನಗಿಸುತ್ತಿದ್ದೆ, ಅವರೂ ನಗುತ್ತಿದ್ದರು.

ರಾಮನಗರವನ್ನು ಆಗ ಕ್ಲೋಸ್‌ಪೇಟೆ ಎನ್ನುತ್ತಿದ್ದರು. ಅಲ್ಲಿನ ಕಚೇರಿಯಲ್ಲಿ ಒಂದು ಮಧ್ಯಾಹ್ನ ಹುಡುಗಾಟಕ್ಕೆ ಅವರ ಕಣ್ಣಿಗೆ ಪಂಚೆ ಕಟ್ಟಿ ಐದು ಪೊಟ್ಟಣ ಮಣ್ಣನ್ನು ಒಂದಾದ ಮೇಲೊಂದು ಕೈಗೆ ಕೊಟ್ಟೆವು. ಮೊದಲನೆಯದು ಸಾವನದುರ್ಗದ ಬುಡದ್ದು ಎಂದರು. ಎರಡನೆಯದು ತಮ್ಮೂರು ಹೊಂಗನೂರಿನ ತೋಟದ್ದು ಎಂದು ಹಿಚುಕುವ ಮೊದಲೇ ಹೇಳಿದರು. ಮೂರು, ನಾಲ್ಕೂ ತಪ್ಪಲಿಲ್ಲ. ಐದನೆಯದನ್ನು ಮೂಸಿ ಪಕ್ಕಕ್ಕಿಟ್ಟು, ಇದು ನಮ್ಮ ಅಮಲ್ದಾರರ ಮನೆಯ ಹೂಕುಂಡದ್ದು, ನೋಡಿದರೆ ಬಯ್ಯುತ್ತಾರೆ, ತಿರುಗಿ ಹಾಕಿಬನ್ನಿ ಎಂದರು. ಅವರ ಕೈಯ ಮೇಲೆ ಆವತ್ತಿನಿಂದ ನಮಗೆಲ್ಲ ಒಂದು ಭಯಭಕ್ತಿ ಬಂತು. ಅವರಿಗೂ ಒಳಗೊಳಗೇ ಸ್ವಲ್ಪ ಹೆಮ್ಮೆ ಇತ್ತು, ಇಲ್ಲವೆನ್ನಲಾರೆ.

ಅವರ ಹೆಂಡತಿ, ಚಿಕ್ಕ ಮಗು ಇಬ್ಬರೂ ಪ್ಲೇಗಿನ ವರ್ಷ ಹೋದರು. ಆಗ ಅವರು ಎಲ್ಲೋ ಕ್ಯಾಂಪಿನಲ್ಲಿದ್ದರು. ಸುದ್ದಿ ತಂದವನು ದಾರಿ ತಪ್ಪಿ ಎರಡು ದಿನ ತಡಮಾಡಿದ್ದ. ಇದನ್ನು ಅವರು ನನಗೆ ಹೇಳಿದ್ದು ಒಂದೇ ಸಲ, ಕೆಲಸದ ನಡುವೆ, ಬೇರೇನೋ ಹೇಳುತ್ತ. ಮತ್ತೆ ಮದುವೆಯಾಗಲಿಲ್ಲ. ವರ್ಷದಲ್ಲಿ ಎಂಟು ತಿಂಗಳು ಊರೂರು ಅಲೆದಾಟ, ಛತ್ರದಲ್ಲೋ ಗುಡಿಯ ಜಗುಲಿಯಲ್ಲೋ ವಾಸ. ಸಂಜೆ ಮೂರು ಕಲ್ಲಿಟ್ಟು ತಾವೇ ಮುದ್ದೆ ಬೇಯಿಸುತ್ತಿದ್ದರು. ಎಸರು ಕುದಿಯುವವರೆಗೂ ಆ ದಿನ ಬರೆದದ್ದನ್ನು ಪುಸ್ತಕ ತೆಗೆದು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದರು. ಕೆಂಪು, ಒಂದೂವರೆ ಮೊಳ, ಗರಸು ಸ್ವಲ್ಪ. ಬೂದು, ಮುಕ್ಕಾಲು ಮೊಳ, ಇಳಿಜಾರು. ಯಾಕೆ ಹೀಗೆ ಓದುತ್ತೀರಿ ಎಂದು ಒಮ್ಮೆ ಕೇಳಿದೆ. ದಿನಕ್ಕೆ ಒಂದು ಸಲವಾದರೂ ಮಾತಾಡದೆ ಇದ್ದರೆ ಗಂಟಲು ಕಟ್ಟಿಕೊಳ್ಳುತ್ತದೆ ಎಂದರು. ನಾನು ಪಕ್ಕದಲ್ಲೇ ಇರುತ್ತಿದ್ದೆ, ನನ್ನೊಡನೆ ಮಾತಾಡಬಹುದಾಗಿತ್ತು. ಆದರೆ ನಾನು ಕ್ಯಾಂಪಿನ ಸಂಜೆಗಳನ್ನೆಲ್ಲ ಇಸ್ಪೀಟಿಗೆ ಕೊಟ್ಟುಬಿಟ್ಟಿದ್ದವನು.

ಇನ್ನು ಕರಿಬಾರೆಯ ವಿಷಯ. ಅದನ್ನು ಬರೆಯದೆ ಅವರನ್ನು ಬರೆದಂತಾಗುವುದಿಲ್ಲ.

ನಮ್ಮ ಸೀಮೆಯಲ್ಲಿ ಎಲ್ಲಿ ನೋಡಿದರೂ ಬೂದು ಬಂಡೆ. ರಾಮನಗರದ ಬೆಟ್ಟಗಳು, ಸಾವನದುರ್ಗ, ಕನಕಪುರದ ಕಾಡಿನ ಗುಡ್ಡಗಳು, ಎಲ್ಲ ಅದೇ. ಆ ಬಂಡೆ ಸವೆದು ಆಗುವ ಮಣ್ಣು ಮರಳು ಮರಳು, ಬಿದ್ದ ನೀರನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಆದರೆ ಈ ಬೂದು ಬಂಡೆಯನ್ನು ಸೀಳಿಕೊಂಡು ಅಲ್ಲಲ್ಲಿ ಕರಿಕಲ್ಲಿನ ಪಟ್ಟಿ ಹಾದುಹೋಗುತ್ತದೆ. ಕಲ್ಲುಗಳ ವಿದ್ಯೆ ಬಲ್ಲ ಅಧಿಕಾರಿಯೊಬ್ಬರು ಹಿಂದೆ ಅವರಿಗೆ ಹೇಳಿದ್ದರಂತೆ: ಇದು ಭೂಮಿಯ ಒಳಗೆ ಬೆಂಕಿಗೆ ಕರಗಿ, ಬಿರುಕಿನಲ್ಲಿ ಮೇಲಕ್ಕೆ ಉಕ್ಕಿ, ಆರಿ ಗಟ್ಟಿಯಾದ ಕಲ್ಲು, ಬೆಂಕಿ ಕಾರುವ ಬೆಟ್ಟಗಳ ಕಲ್ಲಿಗೆ ಹತ್ತಿರದ ನಂಟು. ಅಂದಿನಿಂದ ಅವರಿಗೆ ಕರಿಕಲ್ಲು ಕಂಡರೆ ಅಲ್ಲೇ ನಿಲ್ಲುವ ಅಭ್ಯಾಸ. ಉಯ್ಯಂಬಳ್ಳಿಯಿಂದ ಆಚೆ, ಕಾಡಿನೊಳಗೆ, ಅಂಥ ಕಲ್ಲಿನದೇ ಒಂದು ಉದ್ದನೆಯ ದಿಣ್ಣೆ ಇದೆ. ಅದಕ್ಕೆ ಕರಿಬಾರೆ ಎಂದು ಹೆಸರು. ಅದರ ಕೆಳಗಿನ ಅರ್ಧವನ್ನು ಸಾಗುವಳಿಗೆ ಬಿಡಬಹುದೇ ಎಂದು ನೋಡಲು ನಮ್ಮನ್ನು ಕಳಿಸಿದರು. ಮೇಲಿನ ಅರ್ಧವೂ ಅದೇ ಸರ್ವೆ ನಂಬರಿನಲ್ಲಿತ್ತು.

ಆ ದಿನ ಬೆಳಿಗ್ಗೆ ಚನ್ನಪಟ್ಟಣದಿಂದ ನನಗೆ ಸುದ್ದಿ ಬಂದಿತ್ತು. ನನ್ನ ಹೆಂಡತಿಗೆ ಚೊಚ್ಚಲ ಹೆರಿಗೆ ನೋವು ಶುರುವಾಗಿತ್ತು. ಸಂಜೆಗೆ ಹೊರಡುವ ಗಾಡಿಯೊಂದು ಉಯ್ಯಂಬಳ್ಳಿಯಲ್ಲಿತ್ತು. ಅವರಿಗೆ ಹೇಳಿದೆ. ಕೆಲಸ ಮುಗಿಸಿ ಹೋಗು ಎಂದರು, ಅದರಲ್ಲಿ ತಪ್ಪೇನಿರಲಿಲ್ಲ.

ಬಾರೆ ಹತ್ತಿದ್ದೇ ತಡ, ಅವರು ನನ್ನನ್ನು ಮರೆತರು. ದಿಂಡಿಗ, ಹೊನ್ನೆ, ಬಿದಿರು ದಟ್ಟವಾಗಿ ಬೆಳೆದ ಜಾಗ. ನೆಲದ ತುಂಬ ತೆಂಗಿನಕಾಯಿ ಗಾತ್ರದ ಕಲ್ಲು, ಕಲ್ಲಿನ ಸಂದಿಯಲ್ಲಿ ಕಪ್ಪುಗೆಂಪಿನ ಮಣ್ಣು. ಅವರು ಒಂದು ಕಲ್ಲನ್ನು ತೆಗೆದು ಇನ್ನೊಂದಕ್ಕೆ ಕುಟ್ಟಿದರು. ಈರುಳ್ಳಿ ಸಿಪ್ಪೆಯ ಹಾಗೆ ತುಕ್ಕು ಬಣ್ಣದ ಪದರ ಕಳಚಿತು, ಒಳಗೆ ಕರಿಗುಂಡು ಗಟ್ಟಿಯಾಗಿ ಹಾಗೇ ಇತ್ತು. ಪದರವನ್ನು ಬೆರಳಲ್ಲಿ ಪುಡಿಮಾಡಿ ನನ್ನ ಮುಂದೆ ಹಿಡಿದು, "ನೋಡಯ್ಯ, ಕಲ್ಲು ನಮ್ ಕಣ್ಮುಂದೇನೇ ಮಣ್ಣಾಯ್ತಾ ಐತೆ" ಎಂದರು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಮಣ್ಣನ್ನು ಹಿಚುಕಿದರೆ ಬೆಣ್ಣೆಯಂತೆ ಮುದ್ದೆಯಾಗುತ್ತಿತ್ತು. ಮೂಸಿದರು, ತಿಂದೂ ನೋಡಿದರು. ನಮ್ಮ ಮರಳು ಸೀಮೆಯಲ್ಲಿ ಇಪ್ಪತ್ತು ವರ್ಷ ಅಲೆದವರಿಗೆ ಇಂಥ ಮಣ್ಣು ಸಿಕ್ಕಿದ್ದು ಅದೇ ಮೊದಲು. ಅವರು ಮಂಡಿಯೂರಿದ ಕಡೆಯಿಂದ ಏಳಲೇ ಇಲ್ಲ, ಗುಂಡಿ ಅಳೆಯಲು ನನ್ನನ್ನು ಆಳುಗಳ ಜೊತೆ ಕಳಿಸಿದರು.

ಒಂದು ನಂಬರಿಗೆ ಮೂರು ಕಡೆ ತೋಡಬೇಕು. ಮೊದಲ ಕಡೆ ಹಾರೆ ಒಂದು ಗೇಣಿಗೆ ಕಲ್ಲಿಗೆ ತಾಗಿ ಠಣ್ ಎಂದಿತು. ಕಲ್ಲು ಕಿತ್ತರೆ ಕೆಳಗೆ ಇನ್ನೊಂದು ಕಲ್ಲು. ಎರಡನೆಯ ಕಡೆಯೂ ಹಾಗೆಯೇ. ಆಳುಗಳ ಅಂಗೈಯಲ್ಲಿ ಬೊಬ್ಬೆ ಬಂತು, ಹೊತ್ತು ಇಳಿಯುತ್ತಿತ್ತು, ನನ್ನ ಮನಸ್ಸು ಚನ್ನಪಟ್ಟಣದಲ್ಲಿತ್ತು. ಮೂರನೆಯ ಕಡೆ, ಒಂದು ದಿಂಡಿಗದ ಮರದ ಬುಡದಲ್ಲಿ, ಹಾರೆ ಬಂಡೆಯ ಬಿರುಕಿಗೆ ಸಿಕ್ಕಿ ಸರ್ರನೆ ಇಳಿಯಿತು. ಎರಡು ಮೊಳ ಹೋಯಿತು, ತಳ ಸಿಗಲಿಲ್ಲ. ನಾನು ಅಲ್ಲಿಂದಲೇ ಕೂಗಿ ಎರಡು ಮೊಳದ ಮೇಲೆ ಎಂದೆ. ಮೂರೂ ಕಡೆಯಾ ಎಂದು ಅವರು ಕೇಳಿದರು. ಹೂಂ ಎಂದೆ. ಅವರು ಅಲ್ಲೇ ಕುಳಿತು ಬರೆದುಕೊಂಡರು.

ಆವತ್ತು ಅವರು ಗುಂಡಿಗೆ ಕೈ ಹಾಕಲಿಲ್ಲ. ಅವರ ನೌಕರಿಯಲ್ಲಿ ಅದೊಂದೇ ದಿನ ಇರಬೇಕು. ಹದಿನಾಲ್ಕಾಣೆ ಬರೆದರು. ಕಲ್ಲು ಇದ್ದರೆ ದರ್ಜೆ ಇಳಿಸಬೇಕು ಎಂದು ನಿಯಮವಿತ್ತು. ಇವು ಬಿಡಿ ಕಲ್ಲು, ಆಯ್ದು ತೆಗೆಯಬಹುದು ಎಂದು ಷರಾ ಬರೆದು ಇಳಿಸದೆ ಬಿಟ್ಟರು. ನಾನು ಗಾಡಿ ಹಿಡಿದು ಮಾರನೆಯ ದಿನ ಊರು ಸೇರುವ ಹೊತ್ತಿಗೆ ಮಗ ಹುಟ್ಟಿದ್ದ.

ಉಯ್ಯಂಬಳ್ಳಿಯ ಕೆಳಗಿನ ಒಂದು ಹಳ್ಳಿಯಿಂದ ಏಳು ಒಕ್ಕಲು ಕರಿಬಾರೆಗೆ ಹೋದವು. ಅವರಲ್ಲಿ ಗಟ್ಟಿ ಮಾತಿನ ಹೆಂಗಸು ನಿಂಗಮ್ಮ. ಗಂಡ ಮೆತ್ತಗಿನವನು, ಏಳೂ ಮನೆಯ ಯಜಮಾನಿಕೆ ಇವಳದೇ. ಮರ ಕಡಿದರು, ಷರಾದಲ್ಲಿ ಬರೆದಿದ್ದ ಹಾಗೆಯೇ ಕಲ್ಲು ಆಯ್ದರು. ಒಳ್ಳೆಯ ಒಕ್ಕಲಿಗನ ಹೊಲದಲ್ಲಿ ಕಲ್ಲು ಇರಬಾರದು ಎನ್ನುವುದು ಆ ಜನಕ್ಕೆ ತಾಯಿಹಾಲಿನ ಜೊತೆ ಬಂದ ತಿಳಿವಳಿಕೆ. ಮಕ್ಕಳು ಮುದುಕರು ಎಲ್ಲ ಕೂಡಿ ಆಯ್ದ ಕಲ್ಲು ಸುತ್ತ ಸೊಂಟದೆತ್ತರ ಗೋಡೆಯಾಯಿತು. ಮೊದಲ ವರ್ಷ ರಾಗಿ ಹೇಗೆ ಬಂತೆಂದರೆ ಸುತ್ತಲಿನ ಹಳ್ಳಿಯವರು ನೋಡಲು ಬಂದರು. ನಿಂಗಮ್ಮ ಹೊಸ ರಾಗಿಯ ಒಂದು ಚೀಲ ಗಂಡನ ತಲೆಯ ಮೇಲೆ ಹೊರಿಸಿಕೊಂಡು ಕನಕಪುರದ ನಮ್ಮ ಕ್ಯಾಂಪಿಗೆ ಬಂದು ಅವರ ಮುಂದೆ ಇಳಿಸಿದಳು. ಅವರು ಬೇಡವೆಂದರು. ತಿರುಗಿ ಹೊರಲಾಗುವುದಿಲ್ಲ ಎಂದು ಅವಳು ಬಿಟ್ಟುಹೋದಳು. ಒಂದು ವಾರ ಬಂದವರಿಗೆಲ್ಲ ಕರಿಬಾರೆಯ ರಾಗಿ ಎಂದು ಹಂಚಿದರು. ನನಗೂ ಎರಡು ಸೇರು ಸಿಕ್ಕಿತು, ಮನೆಗೆ ಕಳಿಸಿದೆ.

ಮರುವರ್ಷ ಬೆಳೆ ಸ್ವಲ್ಪ ಕಡಿಮೆ. ಉಳುಮೆ ಮಾಡಿದರೆ ಮತ್ತೆ ಕಲ್ಲು ಮೇಲೆ ಬರುತ್ತಿತ್ತು, ಮತ್ತೆ ಆಯ್ದರು. ಗೋಡೆ ಎದೆಯೆತ್ತರವಾಯಿತು. ಮೂರನೆಯ ವರ್ಷದ ಕೊನೆಗೆ ನಿಂಗಮ್ಮ ಬಂದಾಗ ಕೈಯಲ್ಲಿ ಏನೂ ಇರಲಿಲ್ಲ. ಜಗುಲಿಯ ಕೆಳಗೆ ನಿಂತು, "ಕಲ್ಲು ತಗದಷ್ಟೂವೆ ಹೊಲ ಕೆಳಕ್ಕೆ ಇಳೀತಾ ಐತೆ ಸಾಮಿ. ಒಸಿ ಬಂದು ನೋಡಿ" ಎಂದಳು.

ನಾವಿಬ್ಬರೂ ಹೋದೆವು. ಗೋಡೆಯ ಆಚೆ ಕಾಡಿನ ನೆಲ, ಈಚೆ ಅವಳ ಹೊಲ. ಕಾಡಿನ ನೆಲಕ್ಕಿಂತ ಹೊಲ ಹೆಚ್ಚೂಕಡಿಮೆ ಒಂದು ಮೊಳ ತಗ್ಗಿನಲ್ಲಿತ್ತು. ಆ ನೆಲದಲ್ಲಿ ಮುಕ್ಕಾಲು ಪಾಲು ಕಲ್ಲೇ ಇದ್ದದ್ದು. ಕಲ್ಲು ತೆಗೆದರೆ ಉಳಿಯುವುದು ಕಾಲು ಪಾಲು ಮಣ್ಣು, ಅದನ್ನು ಹಿಡಿದುಕೊಳ್ಳಲು ಬೇರೂ ಇಲ್ಲ, ಕಲ್ಲೂ ಇಲ್ಲ. ಆ ವರ್ಷದ ಮುಂಗಾರು ಅದನ್ನೂ ಹಳ್ಳಕ್ಕೆ ಒಯ್ದಿತ್ತು. ನೇಗಿಲ ಸಾಲಿನ ತಳದಲ್ಲಿ ಅಲ್ಲಲ್ಲಿ ಕರಿಬಂಡೆಯ ಬೆನ್ನು ಕಾಣುತ್ತಿತ್ತು. ಅವರು ಬಂಡೆಯ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ಕುಳಿತರು. ದಾರಿಯಲ್ಲಿ ಬರುವಾಗ ಒಂದೇ ಮಾತು ಆಡಿದರು: "ನಾನು ಗುಂಡಿಗೆ ಕೈ ಆಕ್ಲಿಲ್ಲ." ಅದು ನಾನು ಬಾಯಿಬಿಡಬಹುದಾಗಿದ್ದ ಹೊತ್ತು. ಮೂರು ಮೈಲಿ ನಡೆದೆವು, ನಾನು ಬಿಡಲಿಲ್ಲ.

ಅದಾದ ಮೇಲೆ ರಜೆ ಸಿಕ್ಕಾಗಲೆಲ್ಲ ಒಬ್ಬರೇ ಕರಿಬಾರೆಗೆ ಹೋಗುತ್ತಿದ್ದರು. ಮೇಲಿನ ಅರ್ಧದಲ್ಲಿ ಕಾಡು ಇನ್ನೂ ಇತ್ತು. ಬೇಸಗೆಯ ನಡುವಿನಲ್ಲಿ ಕಲ್ಲು ಮಗುಚಿ ನೋಡಿದರೆ ಅಡಿಯಲ್ಲಿ ತೇವ ಇರುತ್ತದೆ, ಕಲ್ಲೇ ಆ ಮಣ್ಣಿಗೆ ನೆರಳು ಎಂದು ಬಂದು ಹೇಳುತ್ತಿದ್ದರು. ಮರದ ಬೇರು ಮಣ್ಣಿನಲ್ಲಿ ಅಲ್ಲ, ಬಂಡೆಯ ಬಿರುಕಿನಲ್ಲಿ ಇಳಿದಿರುತ್ತದೆ. ರಾಗಿಯ ಬೇರಿಗೆ ಆ ದಾರಿ ಗೊತ್ತಿಲ್ಲ. ಇದು ಕೆಟ್ಟ ಮಣ್ಣಲ್ಲ, ಇಷ್ಟು ಒಳ್ಳೆಯ ಮಣ್ಣು ನಮ್ಮಲ್ಲಿ ಬೇರೆ ಇಲ್ಲ, ಆದರೆ ಇರುವುದು ಸ್ವಲ್ಪ, ಆ ಸ್ವಲ್ಪವೂ ಮರ ಇರುವವರೆಗೆ. ಇದನ್ನೆಲ್ಲ ನನಗೆ ಹೇಳುವಾಗ ಅವರ ದನಿಯಲ್ಲಿ ಮೊದಲಿನ ಸಂತೋಷ ಇರಲಿಲ್ಲ. ತಪ್ಪು ಮಾಡಿದ ಮೇಲೆ ಕಲಿತ ಪಾಠ ಅದು.

ಅಷ್ಟರಲ್ಲಿ ಏಳು ಒಕ್ಕಲೂ ಸೇರಿ ಅರ್ಜಿ ಹಾಕಿದರು. ಕೆಳಗಿನದು ಹೋಯಿತು, ಮೇಲಿನ ಅರ್ಧವನ್ನಾದರೂ ಕೊಡಿ. ಪುಸ್ತಕ ತೆಗೆದು ನೋಡಿದರೆ ಅದೂ ಹದಿನಾಲ್ಕಾಣೆಯ ಮಣ್ಣು, ಕೆಳಗೆ ಅವರದೇ ರುಜು. ಕೊಡುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಅಡ್ಡಿ ಮಾಡಿದವರು ಅವರೊಬ್ಬರೇ. ಮೇಲಿನ ಕಾಡು ಉಳಿಯಬೇಕಾದರೆ ತಾವು ಬರೆದದ್ದು ತಪ್ಪು ಎಂದು ತಾವೇ ಹೇಳಬೇಕು. ಹೇಳಿದರೆ ಇಪ್ಪತ್ತು ವರ್ಷ ಕಟ್ಟಿಕೊಂಡ ಹೆಸರು ಹೋಗುತ್ತದೆ, ಕ್ಲಾಸರಿಗೆ ಅದು ಬಿಟ್ಟರೆ ಬೇರೆ ಆಸ್ತಿ ಇಲ್ಲ. ನಾಲ್ಕು ಹಾಳೆಯ ತಕರಾರು ಬರೆದು ನನ್ನ ಕೈಯಲ್ಲಿ ಚೊಕ್ಕ ಪ್ರತಿ ಮಾಡಿಸಿದರು. ಅದರಲ್ಲಿ ನನ್ನ ಹೆಸರು ಎಲ್ಲೂ ಇರಲಿಲ್ಲ. ಪ್ರತಿ ಮಾಡುವಾಗ ಅದನ್ನು ನೋಡಿ ಸಮಾಧಾನಪಟ್ಟೆ. ಈಗ ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಮೇಲಿನಿಂದ ದೊಡ್ಡ ಅಧಿಕಾರಿಗಳೊಬ್ಬರು ಸ್ಥಳ ನೋಡಲು ಬಂದರು. ಜರಿಯಂಚಿನ ಪೇಟ, ಕುದುರೆ, ಮುಂದೆ ಹಿಂದೆ ಜವಾನರು. ಕರಿಬಾರೆಯ ಮೇಲಿನ ಕಾಡಿನಲ್ಲಿ ಒಂದು ಕಡೆ ಅಧಿಕಾರಿ, ಇನ್ನೊಂದು ಕಡೆ ಏಳು ಒಕ್ಕಲಿನವರು, ನಡುವೆ ಕ್ಲಾಸರು. ನಾನು ಜವಾನರ ಸಾಲಿನಲ್ಲಿ ನಿಂತಿದ್ದೆ. ಕ್ಲಾಸರು ಯಾವ ಭಾಷಣವನ್ನೂ ಮಾಡಲಿಲ್ಲ. ಕೋಟು ತೆಗೆದಿಟ್ಟು, ಒಂದು ಮೊಳ ಉದ್ದ ಒಂದು ಮೊಳ ಅಗಲಕ್ಕೆ ನೆಲದಲ್ಲಿ ಗೆರೆ ಎಳೆದು, ಬಂಡೆ ಸಿಗುವವರೆಗೆ ಅಗೆಸಿದರು. ಬಂಡೆ ಒಂದು ಮೊಳಕ್ಕೇ ಸಿಕ್ಕಿತು. ಬಂದದ್ದನ್ನೆಲ್ಲ ಜರಡಿ ಹಿಡಿಸಿ ಕಲ್ಲು ಒಂದು ಕಡೆ, ಮಣ್ಣು ಒಂದು ಕಡೆ ಮಾಡಿದರು. ಕಲ್ಲು ಮೂರು ಮಂಕರಿ ತುಂಬಿತು. ಮಣ್ಣು ಒಂದು ಮಂಕರಿಯೂ ತುಂಬಲಿಲ್ಲ. ಆ ಮಣ್ಣನ್ನು ತಿರುಗಿ ಗುಂಡಿಗೆ ಸುರಿದು, ಕಾಲಲ್ಲಿ ತುಳಿದು, ಕೈಬೆರಳು ಅಡ್ಡ ಇಟ್ಟು ತೋರಿಸಿದರು. ನಾಲ್ಕು ಬೆರಳು ಬಂತು. ಕಲ್ಲು ಆಯ್ದ ಮೇಲೆ ಈ ಜನಕ್ಕೆ ಉಳಿಯುವುದು ಇಷ್ಟು, ಅದೂ ಮಳೆ ಬೀಳುವವರೆಗೆ ಎಂದರು.

ಅಧಿಕಾರಿ ಬಾಗಿ ನೋಡಿದರು. ನಿಂಗಮ್ಮ ಒಂದು ಹೆಜ್ಜೆ ಮುಂದೆ ಬಂದಳು. ಅಧಿಕಾರಿಯ ಕಡೆ ನೋಡಲೇ ಇಲ್ಲ, ಇವರನ್ನೇ ನೋಡಿ, "ಅವತ್ತು ಚೆಂದಾಗೈತೆ ಅಂತ ಬರದ್ರಿ, ಇದ್ದ ಮನೆ ಬುಟ್ಟು ಬಂದೋ. ಇವತ್ತು ಚೆಂದಾಗಿಲ್ಲ ಅಂತೀರಿ. ನಾವು ನಿಮ್ದು ಯಾವ್ ಮಾತ ನಂಬನ ಸಾಮಿ?" ಎಂದಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ, ನಿಜವಾಗಿ ಕೇಳುತ್ತಿದ್ದಳು. ಅವರು ಕೈಯ ಮಣ್ಣನ್ನು ಒರೆಸಿಕೊಳ್ಳುತ್ತ, "ಇವತ್ತಿಂದು ನಂಬವ್ವ. ಅವತ್ತಿಂದು ನನ್ ತಪ್ಪು" ಎಂದರು.

ಅಧಿಕಾರಿಗೆ ಅಷ್ಟು ಸಾಲಲಿಲ್ಲ. ಇಷ್ಟು ಸುಲಭವಾಗಿ ಕಾಣುವ ಬಂಡೆ ಆಗ ಕಾಣಲಿಲ್ಲ ಎಂದರೆ ಆಗ ಗುಂಡಿ ತೋಡಿಯೇ ಇಲ್ಲ, ಕೂತಲ್ಲೇ ಬರೆದಿದ್ದೀರಿ ಎಂದರು. ಕೂತಲ್ಲೇ ಬರೆಯುವ ಕ್ಲಾಸರುಗಳು ಇದ್ದರು, ಕಚೇರಿಯಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇರಲಿಲ್ಲ. ನಮ್ಮ ಕ್ಲಾಸರ ಮುಖ ಕಪ್ಪಿಟ್ಟಿತು. ಮೂರು ಕಡೆ ತೋಡಿಸಿದ್ದೆ, ಕೈ ಹಾಕಿ ನೋಡಲಿಲ್ಲ, ಅಷ್ಟು ತಪ್ಪು ನನ್ನದು ಎಂದರು. ಆವತ್ತು ಜೊತೆಯಲ್ಲಿ ಯಾರಿದ್ದರು ಎಂದು ಅಧಿಕಾರಿ ಕೇಳಿದರು. ಅವರು ನನ್ನ ಹೆಸರು ಹೇಳಲಿಲ್ಲ. ಜವಾನನೊಬ್ಬ ನನ್ನ ಕಡೆ ಕೈ ತೋರಿಸಿದ. ಗುಂಡಿ ತೋಡಿದ್ದು ನಿಮಗೆ ನೆನಪಿದೆಯೇ ಎಂದು ಅಧಿಕಾರಿ ನನ್ನನ್ನು ಕೇಳಿದರು.

ನೆನಪಿದೆ ಎಂದರೆ ಮುಂದಿನ ಪ್ರಶ್ನೆ ಆಳ ಎಷ್ಟಿತ್ತು, ಅಳೆದವರು ಯಾರು ಎಂದು ಬರುತ್ತದೆ. ಮನೆಯಲ್ಲಿ ನಾಲ್ಕು ವರ್ಷದ ಮಗ, ಮತ್ತೆ ಬಸುರಿಯಾದ ಹೆಂಡತಿ. ಇದನ್ನೆಲ್ಲ ಆಗ ಯೋಚಿಸಿದೆನೋ ಆಮೇಲೆ ಕಾರಣವಾಗಿ ಹುಡುಕಿಕೊಂಡೆನೋ ತಿಳಿಯದು. "ನೆನಪಿಲ್ಲ ಸ್ವಾಮಿ" ಎಂದೆ.

ಅವರು ನನ್ನ ಕಡೆ ಒಂದು ಸಲ ನೋಡಿದರು. ಆಮೇಲೆ ಮಂಕರಿಯಿಂದ ಕಲ್ಲುಗಳನ್ನು ಎತ್ತಿ, ಗುಂಡಿಯೊಳಗೆ ಮೊದಲು ಹೇಗಿದ್ದವೋ ಹಾಗೆ ಜೋಡಿಸತೊಡಗಿದರು. ಅಧಿಕಾರಿ ಕುದುರೆ ಹತ್ತುವವರೆಗೂ ತಲೆ ಎತ್ತಲಿಲ್ಲ.

ಅರ್ಜಿ ತಿರಸ್ಕಾರವಾಯಿತು, ಮೇಲಿನ ಕಾಡು ಉಳಿಯಿತು, ಈಗಲೂ ಇದೆ. ಏಳು ಒಕ್ಕಲಿಗೆ ಉಯ್ಯಂಬಳ್ಳಿ ಹತ್ತಿರ ಮರಳು ನೆಲ ಕೊಟ್ಟರು. ಅದು ಕೈಗೆ ಬರುವವರೆಗೆ ಎರಡು ವರ್ಷ ಅವರು ಎಲ್ಲೆಲ್ಲಿಗೆ ಕೂಲಿಗೆ ಹೋದರೋ. ಕ್ಲಾಸರ ಮೇಲೆ, ಗುಂಡಿ ತೋಡದೆ ದರ್ಜೆ ಬರೆದವರು ಎಂದು ಕಾಗದವಾಯಿತು. ಅದೇ ವರ್ಷ ಅವರನ್ನು ಮನೆಗೆ ಕಳಿಸಿದರು. ನಮ್ಮ ಕಚೇರಿಯಲ್ಲಿ ಯಾರಾದರೂ ಹೋಗುವಾಗ ಹಾರ, ಉಪ್ಪಿಟ್ಟು, ಎರಡು ಮಾತು ಇರುತ್ತಿತ್ತು. ಅವರಿಗೆ ಇವು ಯಾವುವೂ ಇರಲಿಲ್ಲ. ಮಣ್ಣಿನ ಗಂಟುಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು ಹೊರಟರು. ಆ ಚೀಲದ ತೂಕ ನೋಡಿ ಸರ್ಕಾರಿ ಸಾಮಾನು ಇರಬಹುದೆಂದು ಜವಾನ ಬಿಚ್ಚಿಸಿ ನೋಡಿದ. ನಾನು ಕಿಟಕಿಯಿಂದ ನೋಡುತ್ತಿದ್ದೆ.

ತಮ್ಮನ ಮನೆಗೆ ಹೋಗಲಿಲ್ಲ. ಕನಕಪುರದಲ್ಲಿ ಗಾಣದವರ ಮನೆಯ ಹಿಂದೆ ಒಂದು ಕೋಣೆ ಹಿಡಿದು ಇದ್ದರು. ಕಚೇರಿಯ ಯಾರೂ ಆ ಬೀದಿಯಲ್ಲಿ ಹಾಯುತ್ತಿರಲಿಲ್ಲ, ಹಾಯ್ದರೂ ಕತ್ತು ತಿರುಗಿಸಿಕೊಂಡು ಹೋಗುತ್ತಿದ್ದರು. ಉಯ್ಯಂಬಳ್ಳಿ ಕಡೆಯವರು ಸಂತೆಗೆ ಬಂದರೆ ಇವರನ್ನು ಕಂಡು ಮಾತು ನಿಲ್ಲಿಸುತ್ತಿದ್ದರಂತೆ. ನಾನು ಮಾಗಡಿಗೆ ವರ್ಗವಾಗಿ ಹೋದೆ, ಬಡ್ತಿಯೂ ಬಂತು. ಅವರ ನೆನಪು ಬಂದಾಗಲೆಲ್ಲ, ಮುಂದಿನ ತಿಂಗಳು ಹೋಗಿ ಕಾಣಬೇಕು ಎಂದುಕೊಳ್ಳುತ್ತಿದ್ದೆ. ಏಳು ವರ್ಷ ಹಾಗೆ ಹೋಯಿತು.

ಕಡೆಗೆ ಕಚೇರಿಯ ಕೆಲಸದ ಮೇಲೆ ಕನಕಪುರಕ್ಕೆ ಹೋದಾಗ, ತಡೆಯಲಾರದೆ ಗಾಣದ ಮನೆಯ ಹಿಂದಕ್ಕೆ ಹೋದೆ. ಮಧ್ಯಾಹ್ನ. ಬಾಗಿಲು ತೆರೆದಿತ್ತು. ಗೋಡೆಯುದ್ದಕ್ಕೂ ಹಲಗೆಯ ಮೇಲೆ ಮಣ್ಣಿನ ಗಂಟುಗಳು ಸಾಲಾಗಿದ್ದವು. ಬಹಳ ಸೊರಗಿದ್ದರು. ನನ್ನನ್ನು ಕಂಡ ಕೂಡಲೇ ಹೆಸರು ಹಿಡಿದು ಕರೆದು, ಮಕ್ಕಳೆಷ್ಟು, ದೊಡ್ಡವನು ಓದುತ್ತಾನಾ ಎಂದು ಕೇಳಿದರು. ನಾನು ಕೂರಲಿಲ್ಲ. ಕೂತರೆ ಹೇಳಲಾಗುವುದಿಲ್ಲ ಎಂದು ಹೆದರಿ, ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. ಎರಡು ಗುಂಡಿ ಗೇಣಿಗೇ ನಿಂತದ್ದು, ಮೂರನೆಯದರಲ್ಲಿ ಹಾರೆ ಬಿರುಕಿಗೆ ಇಳಿದದ್ದು, ಮೂರಕ್ಕೂ ಅದೇ ಅಳತೆ ಕೂಗಿದ್ದು, ಸಂಜೆಯ ಗಾಡಿ, ಎಲ್ಲ. ಹೇಳುತ್ತ ಹೇಳುತ್ತ ಅತ್ತೆ. ನಾಲ್ಕು ಜನರ ಮುಂದೆ ಹೇಳುತ್ತೇನೆ, ಕಚೇರಿಗೆ ಬರೆದು ಕೊಡುತ್ತೇನೆ ಎಂದೆ.

ಬಂಡೆ ಕಂಡ ದಿನವೇ ತಮಗೆ ಅದು ತಿಳಿದಿತ್ತು ಎಂದು ಅವರು ಹೇಳಿದರು. ಹೆಂಡತಿ ಹೆರುವ ದಿನ ಯಾವನಯ್ಯ ಮೂರು ಗುಂಡಿ ನೆಟ್ಟಗೆ ತೋಡುತ್ತಾನೆ, ಕಳಿಸಿಬಿಡಬೇಕಾಗಿತ್ತು ನಾನು ಎಂದು ಸ್ವಲ್ಪ ನಕ್ಕರು. ಇನ್ನು ಯಾರಿಗೂ ಏನೂ ಬರೆಯುವುದು ಬೇಡ, ನಿನ್ನ ನೌಕರಿ ಹೋದರೆ ನನಗೇನು ಬಂತು ಎಂದರು. ನನ್ನ ಎದೆ ಹಗುರಾಗತೊಡಗಿತ್ತು. ಆಗ, ನನ್ನನ್ನು ನೋಡದೆ, ಬಾಗಿಲಿನ ಆಚೆ ನೋಡುತ್ತ ಹೇಳಿದರು: "ತಪ್ಪು ನಿಂದು ಅಂತ ಅವತ್ತು ನೀನು ಏಳ್ಬೇಕಾಗಿರ್ಲಿಲ್ಲ ಕಣಯ್ಯ. ಗುಂಡಿ ತೋಡಿದ್ದು ನೆನಪೈತೆ ಅಂದಿದ್ರೆ ಸಾಕಾಗಿತ್ತು."

ಆಮೇಲೆ ಉಂಡಿದ್ದೀಯಾ ಎಂದು ಕೇಳಿದರು. ಉಂಡಿರಲಿಲ್ಲ. ಮುದ್ದೆ, ಹುರುಳಿ ಸಾರು ಬಡಿಸಿದರು, ಒಂದೇ ತಟ್ಟೆ ಇದ್ದದ್ದರಿಂದ ನಾನು ಉಂಡು ಏಳುವವರೆಗೂ ಕಾದು ಆಮೇಲೆ ಅವರು ಉಂಡರು. ಬೀದಿಯ ತಿರುವಿನವರೆಗೂ ಬಂದು, ಈ ಕಡೆ ಬಂದಾಗ ಬಾ, ಒಬ್ಬನೇ ಇರುತ್ತೇನೆ ಎಂದರು. ಬರುತ್ತೇನೆ ಎಂದೆ.

ಅದಾದ ಮೇಲೆ ನಾಲ್ಕು ವರ್ಷ ಬದುಕಿದ್ದರು. ಆ ನಾಲ್ಕು ವರ್ಷದಲ್ಲಿ ಕಚೇರಿಯ ಕೆಲಸಕ್ಕೆಂದು ನಾನು ಆರೇಳು ಸಲ ಕನಕಪುರಕ್ಕೆ ಹೋಗಿದ್ದೇನೆ. ಅವರ ಮನೆಗೆ ಹೋಗಲಿಲ್ಲ.